ಬೋರ್ಡಿನಲ್ಲಿ 'ಸುಲಭ ಹಾದಿ', ಒಳಗೆ ಹೋದರೆ ಬೇರುಗಂಟು: ವೀಲ್‌ಚೇರ್, ಊರುಗೋಲು, ಸವೆದ ಮಂಡಿಯವರಿಗೆ ಕಾಡಿನ ದಾರಿ

ದೂರದಾರಿ

ಕಾಡಂಚಿನಿಂದ ಕೆರೆಯೊಂದರ ತನಕ ಹೋಗುವ ಕಾಲುದಾರಿಯ ದುರಸ್ತಿಗೆ ನಮ್ಮ ಚಾರಣ ಗುಂಪು ಕೈಜೋಡಿಸುತ್ತಿದೆ. ಎರಡು ಕಿಲೋಮೀಟರಿಗೆ ತುಸು ಕಮ್ಮಿ. ಹೇಳಿಕೊಳ್ಳುವಂಥ ಏರಿಲ್ಲ, ಹಾಗಾಗಿ ದಾರಿ ಶುರುವಾಗುವಲ್ಲಿ 'ಸುಲಭ ಹಾದಿ' ಅಂತ ಬೋರ್ಡ್ ಇದೆ. ಅದನ್ನು ನಂಬಿ ವೀಲ್‌ಚೇರಿನಲ್ಲಿ ಬಂದವರು ಅರ್ಧಕ್ಕೂ ಮೊದಲೇ ವಾಪಸಾಗುವುದನ್ನು ನೋಡಿದ್ದೇವೆ. ಈಗ ಗುಂಪಿನಲ್ಲೇ ಎರಡು ಪಂಗಡ. ಪೂರ್ತಿ ಕಾಂಕ್ರೀಟ್ ಹಾಕಿಬಿಡೋಣ ಅನ್ನುವವರು ಕೆಲವರು, ಕಾಡನ್ನು ಕಾಡಾಗಿಯೇ ಬಿಡಿ ಅನ್ನುವವರು ಉಳಿದವರು. ದುಡ್ಡು ಕಮ್ಮಿ, ಕೆಲಸ ಮಾಡುವ ಕೈಗಳು ಸಾಕಷ್ಟಿವೆ. ಎಲ್ಲಿಂದ ಶುರು ಮಾಡಬೇಕು?

ಎರಡುಗಾಲಿ

ಬೋರ್ಡಿನಿಂದ ಶುರು ಮಾಡಿ. ತಮಾಷೆಗೆ ಹೇಳುತ್ತಿಲ್ಲ.

ನಾನು ಕೈಯಲ್ಲಿ ತಳ್ಳುವ ವೀಲ್‌ಚೇರಿನವನು. 'ಸುಲಭ' ಅಂದರೆ ಯಾರಿಗೆ ಸುಲಭ? ಬರೆದವರು ಸುಲಭವಾಗಿ ನಡೆದು ಬಂದಿದ್ದಾರೆ, ಅಷ್ಟೇ. ನನಗೆ ಬೇಕಾದದ್ದು ಆ ದಾರಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ ಯಾವುದು, ಎಷ್ಟು ದೂರದಲ್ಲಿದೆ ಅನ್ನುವ ಮಾಹಿತಿ. ಉಳಿದದ್ದೆಲ್ಲ ಅಂಗೈಯಷ್ಟು ನುಣುಪಾಗಿದ್ದು ನಡುವೆ ಒಂದೇ ಕಡೆ ಮೂರು ಮೆಟ್ಟಿಲಿದ್ದರೆ ನನ್ನ ದಾರಿ ಆ ಮೆಟ್ಟಿಲಿಗೇ ಮುಗಿಯಿತು. ಅದು ಮೊದಲೇ ಗೊತ್ತಿದ್ದರೆ ಅಲ್ಲಿಯ ತನಕ ಹೋಗಿ ಖುಷಿಯಿಂದ ಬರುತ್ತೇನೆ. ಗೊತ್ತಿಲ್ಲದೆ ಹೋಗಿ ಸಿಕ್ಕಿಕೊಂಡರೆ, ತಿರುಗಿಸಿಕೊಳ್ಳಲೂ ಜಾಗವಿಲ್ಲದ ಕಡೆ ಹಿಮ್ಮುಖವಾಗಿ ಉರುಳಿಸಿಕೊಂಡು ಬರಬೇಕು.

ಬೇರಿನ ವಿಷಯ. ವೀಲ್‌ಚೇರಿನ ಹಿಂದಿನ ದೊಡ್ಡ ಗಾಲಿಗಳು ಬೇರು ಹತ್ತಿಬಿಡುತ್ತವೆ. ತೊಂದರೆಯೆಲ್ಲ ಮುಂದಿನ ಪುಟ್ಟ ಗಾಲಿಗಳದ್ದು. ಅವು ಐದಾರು ಸೆಂಟಿಮೀಟರ್ ಎತ್ತರದ ಬೇರಿಗೆ ಓರೆಯಾಗಿ ತಗುಲಿದರೆ ಪಕ್ಕಕ್ಕೆ ತಿರುಗಿ ಲಾಕ್ ಆಗುತ್ತವೆ. ಕುರ್ಚಿ ಗಕ್ಕನೆ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಮುಂದಕ್ಕೆ ಮುಗ್ಗರಿಸಿ ಬೀಳುವುದು ಹೀಗೆಯೇ. ಅದಕ್ಕೇ ಅನುಭವ ಇರುವವರು ಮುಂದಿನ ಗಾಲಿಗಳನ್ನು ಗಾಳಿಯಲ್ಲಿ ಎತ್ತಿ, ಹಿಂದಿನ ಗಾಲಿಗಳ ಮೇಲೆ ತೂಗಾಡಿಸಿಕೊಂಡು ದಾಟುತ್ತಾರೆ. ಫ್ರೀವೀಲ್ ಅಂತ ಕಾಲ್ಹಲಗೆಗೆ ಕಚ್ಚಿಸುವ ದೊಡ್ಡ ಚಕ್ರವೊಂದು ಸಿಗುತ್ತದೆ. ಅದು ಪುಟ್ಟ ಗಾಲಿಗಳನ್ನು ನೆಲದಿಂದ ಮೇಲಕ್ಕೆತ್ತಿ ಹಿಡಿಯುತ್ತದೆ, ಮಣ್ಣಿನ ದಾರಿಯಲ್ಲಿ ದೊಡ್ಡ ಉಪಕಾರ. ಎಲ್ಲರ ಹತ್ತಿರ ಇರುವುದಿಲ್ಲ ಅನ್ನುವುದು ನೆನಪಿರಲಿ.

ಕಾನನ

ಅಪ್ರಿಯ ಅನ್ನಿಸಿದರೂ ಹೇಳುತ್ತೇನೆ. ಎಲ್ಲ ಜಾಗವೂ ಎಲ್ಲರಿಗೂ ಸಿಗಲೇಬೇಕು ಅನ್ನುವುದರಲ್ಲೇ ಒಂದು ದುರಾಸೆ ಇದೆ. ಇವತ್ತು ವೀಲ್‌ಚೇರಿನ ಹೆಸರಲ್ಲಿ ಅಗಲ ಮಾಡುತ್ತೀರಿ, ನಾಳೆ ಅದೇ ದಾರಿಯಲ್ಲಿ ಬೈಕು, ನಾಡಿದ್ದು ಜೀಪು. ಕಾಡಿನಲ್ಲಿ ರಸ್ತೆ ಹುಟ್ಟುವುದೇ ಹೀಗೆ. ಕಾಡಿಗೆ ಬರುವವರ ಅನುಕೂಲದ ಮಾತಾಡುವ ಮುಂಚೆ ಕಾಡಿನ ಅನುಕೂಲ ಕೇಳಿ.

ಮಂಡಿಚಿಪ್ಪು

@ಕಾನನ, ನಾನು ವೀಲ್‌ಚೇರಿನವಳಲ್ಲ. ನೋಡಿದರೆ ಏನೂ ತೊಂದರೆ ಇಲ್ಲದವಳ ಹಾಗೆ ಕಾಣುತ್ತೇನೆ. ಎರಡೂ ಮಂಡಿಗಳ ಮೃದ್ವಸ್ಥಿ ಸವೆದಿದೆ. ಹತ್ತುವುದು ಹೇಗೋ ಆಗುತ್ತದೆ, ಇಳಿಯುವಾಗ ಪ್ರಾಣ ಹೋಗುತ್ತದೆ. ಕಾಡಿನ ದಾರಿಗಳಲ್ಲಿ ಮರದ ದಿಮ್ಮಿ ಅಡ್ಡ ಇಟ್ಟು ಮಾಡುವ ಮೆಟ್ಟಿಲು ಇರುತ್ತವಲ್ಲ, ಒಂದರ ಎತ್ತರ ಇನ್ನೊಂದಕ್ಕಿರುವುದಿಲ್ಲ. ದಿಮ್ಮಿಯ ಹಿಂದಿನ ಮಣ್ಣು ಕೊಚ್ಚಿಹೋಗಿ ಮೊಣಕಾಲೆತ್ತರ ಆಗಿರುತ್ತದೆ. ಅವನ್ನು ತೆಗೆದು ನಿಧಾನದ ಇಳಿಜಾರು ಮಾಡಿದರೆ ಯಾವ ಕಾಡಿಗೆ ಏನು ನಷ್ಟ?

ಇನ್ನೊಂದು ಸಣ್ಣ ಬೇಡಿಕೆ. ಕೂರಲು ಜಾಗ ಕೊಡಿ. ಉರುಳಿಬಿದ್ದ ಮರದ ದಿಮ್ಮಿ ನೋಡಲು ಚೆಂದ. ಅದರ ಮೇಲೆ ನಾನು ಕೂತರೆ ಏಳಿಸಲು ಇಬ್ಬರು ಬೇಕು. ಕುರ್ಚಿಯಷ್ಟು ಎತ್ತರ, ಅಂದರೆ 45 ಸೆಂಟಿಮೀಟರ್ ಆಸುಪಾಸು, ಬೆನ್ನಿಗೆ ಒರಗು, ಏಳುವಾಗ ಕೈ ಊರಲು ಹಿಡಿಕೆ. ಹೃದಯದ ತೊಂದರೆ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ಮುಂದಿನ ಬೆಂಚು ಎಷ್ಟು ದೂರದಲ್ಲಿದೆ ಅನ್ನುವುದೇ ಹೊರಡಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುತ್ತದೆ.

ಹಾದಿಗಾರ

ದಾರಿ ಕಟ್ಟುವುದು ನನ್ನ ಕಸುಬು. ಅಂಕಿಗಳಿಲ್ಲದೆ ಇಂಥ ಚರ್ಚೆ ಮುಂದೆ ಸಾಗುವುದಿಲ್ಲ, ಸ್ವಲ್ಪ ಉದ್ದವಾದರೂ ಓದಿ.

ಕಾಡಿನ ದಾರಿಗೆಂದೇ ಬರೆದ ಮಾನದಂಡಗಳಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅಮೆರಿಕದ್ದು. ಅಲ್ಲಿನ ಅರಣ್ಯ ಸೇವೆ 2006ರಲ್ಲಿ ತನ್ನ ದಾರಿಗಳಿಗೆ ನಿಯಮ ಮಾಡಿಕೊಂಡಿತು. 2013ರಲ್ಲಿ ಆಕ್ಸೆಸ್ ಬೋರ್ಡ್ ಅನ್ನುವ ಸಂಸ್ಥೆ ಎಲ್ಲ ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಜಮೀನಿಗೂ ಅನ್ವಯಿಸುವಂತೆ ನಿಯಮ ತಂದಿತು. ಕಟ್ಟಡದ ರ‍್ಯಾಂಪಿನ ಅಳತೆಯನ್ನು ಬೆಟ್ಟಕ್ಕೆ ತಂದು ಹೇರಲಿಲ್ಲ ಅನ್ನುವುದೇ ಅದರ ಜಾಣತನ. ದಾರಿಯ ಅಗಲ ಕನಿಷ್ಠ 915 ಮಿಲಿಮೀಟರ್. ಗಮನಿಸಿ @ಕಾನನ, ಒಂದು ಮೀಟರೂ ಇಲ್ಲ, ಜೀಪು ಹಿಡಿಸುವುದಿಲ್ಲ. ದಾರಿ ಅಷ್ಟು ಕಿರಿದಾಗಿದ್ದರೆ ಸುಮಾರು 300 ಮೀಟರಿಗೊಂದು ಕಡೆ ಒಂದೂವರೆ ಮೀಟರ್ ಉದ್ದಗಲದ ಜಾಗ ಬಿಡಬೇಕು. ಎದುರು ಬಂದವರು ದಾಟಲು, ತಿರುಗಿಸಿಕೊಳ್ಳಲು.

ಏರು 20ಕ್ಕೆ 1 ಇದ್ದರೆ, ಅಂದರೆ 20 ಮೀಟರ್ ಹೋದಾಗ 1 ಮೀಟರ್ ಏರಿದರೆ, ಎಷ್ಟು ಉದ್ದವಾದರೂ ಸರಿ. ಅದಕ್ಕಿಂತ ಕಡಿದಾಗಿ 12ಕ್ಕೆ 1ರ ತನಕ ಇದ್ದರೆ 61 ಮೀಟರಿನೊಳಗೆ ಸಮತಟ್ಟಾದ ತಂಗುಜಾಗ ಬರಬೇಕು. 10ಕ್ಕೆ 1ರ ತನಕ ಇದ್ದರೆ 9 ಮೀಟರಿಗೆ, 8ಕ್ಕೆ 1ರ ತನಕ ಹೋದರೆ 3 ಮೀಟರಿಗೆ. ಅದಕ್ಕಿಂತ ಕಡಿದು ಇರಬಾರದು. ಜೊತೆಗೆ, 12ಕ್ಕೆ 1ಕ್ಕಿಂತ ಕಡಿದಾದ ಭಾಗವೆಲ್ಲ ಸೇರಿ ಇಡೀ ದಾರಿಯ ಶೇ. 30 ಮೀರಬಾರದು. ಮಣ್ಣು, ಜಲ್ಲಿಯ ದಾರಿಯಲ್ಲಿ ಬೇರು ಕಲ್ಲುಗಳು 50 ಮಿಲಿಮೀಟರ್ ತನಕ ಎದ್ದಿದ್ದರೆ ಅಡ್ಡಿಯಿಲ್ಲ. ಮರದ ಹಲಗೆ, ಡಾಂಬರು, ಕಾಂಕ್ರೀಟಿನ ಮೇಲಾದರೆ 13 ಮಿಲಿಮೀಟರ್ ಮಾತ್ರ.

ನೆಲ ಹೇಗಿರಬೇಕು ಅನ್ನುವುದಕ್ಕೆ ಆ ನಿಯಮ ಯಾವ ಸಾಮಗ್ರಿಯನ್ನೂ ಹೆಸರಿಸುವುದಿಲ್ಲ. ಗಟ್ಟಿಯಾಗಿರಬೇಕು, ಕದಲದಂತಿರಬೇಕು, ಅಷ್ಟೇ. ಕಾಂಕ್ರೀಟೇ ಬೇಕು ಅನ್ನುವ ವಾದ ಅಲ್ಲಿಗೆ ಬಿತ್ತು.

ಎರಡುಗಾಲಿ

> 8ಕ್ಕೆ 1ರ ತನಕ ಹೋದರೆ 3 ಮೀಟರಿಗೆ

ಇದು ಕಾಗದದ ಮೇಲೆ ಚೆನ್ನಾಗಿದೆ. ತೋಳಿನಲ್ಲಿ ಕಸುವಿರುವ ನನಗೇ ಸಡಿಲ ನೆಲದ ಮೇಲೆ 8ಕ್ಕೆ 1 ಅಂದರೆ ಗಾಲಿ ತಿರುಗುತ್ತದೆ, ಕುರ್ಚಿ ಮುಂದೆ ಹೋಗುವುದಿಲ್ಲ. ಹಿಂದಕ್ಕೆ ಮಗುಚುವ ಭಯ ಬೇರೆ. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಅದು ಗೋಡೆಯೇ. ನಿಯಮ ಪಾಲಿಸಿದ ದಾರಿ ಅಂದಾಕ್ಷಣ ಎಲ್ಲರಿಗೂ ತೆರೆದ ದಾರಿ ಅಂತ ಅರ್ಥವಲ್ಲ.

ಇಳಿಯುವಾಗಿನ ಕಥೆಯನ್ನೂ ಕೇಳಿ. ಬ್ರೇಕ್ ಅಂದರೆ ನಮ್ಮ ಅಂಗೈ. ಗಾಲಿಯ ಹೊರಬದಿಗೆ ಕೂಡಿಸಿರುವ, ಕೈಯಲ್ಲಿ ತಳ್ಳುವ ಬಳೆಯನ್ನು ಜಾರಲು ಬಿಟ್ಟು ಬಿಟ್ಟು ಹಿಡಿಯಬೇಕು. ಉದ್ದನೆಯ ಇಳಿಜಾರಿನಲ್ಲಿ ಕೈಗವಸು ಬಿಸಿಯಾಗಿ ಚರ್ಮ ಸುಡುತ್ತದೆ. ಆಗ ನಡುವೆ ಒಂದು ಸಮತಟ್ಟು ಜಾಗ ಸಿಕ್ಕರೆ ಅದು ಉಸಿರಿಗಿಂತ ಹೆಚ್ಚಾಗಿ ಕೈಗೆ ಬೇಕು.

ಹಾದಿಗಾರ

ಒಪ್ಪಿದೆ. ಅದಕ್ಕೇ ಅದೇ ನಿಯಮದಲ್ಲಿ ದಾರಿ ಶುರುವಾಗುವಲ್ಲಿನ ಫಲಕದ ಬಗ್ಗೆಯೂ ಇದೆ: ದಾರಿಯ ಉದ್ದ, ನೆಲದ ಬಗೆ, ಸಾಮಾನ್ಯ ಅಗಲ ಮತ್ತು ಅತಿ ಕಿರಿದಾದ ಅಗಲ, ಸಾಮಾನ್ಯ ಏರು ಮತ್ತು ಅತಿ ಕಡಿದಾದ ಏರು, ಅಡ್ಡ ಇಳಿಜಾರಿಗೂ (ದಾರಿ ಪಕ್ಕಕ್ಕೆ ವಾಲಿರುವ ಓರೆ) ಹಾಗೆಯೇ ಎರಡು ಅಂಕಿ. ನೀವು ಕೇಳಿದ 'ಕೆಟ್ಟ ಜಾಗ' ಅದರಲ್ಲೇ ಬಂದುಬಿಡುತ್ತದೆ. ಅದು ಎಲ್ಲಿದೆ ಅಂತ ಸೇರಿಸಿ ಬರೆದರೆ ಇನ್ನೂ ಒಳ್ಳೆಯದು.

ಕಾನನ

ಅಂಕಿಗಳಿಗೆ ಧನ್ಯವಾದ, ನಿಜಕ್ಕೂ ಗೊತ್ತಿರಲಿಲ್ಲ. ಆದರೆ ನನ್ನ ಪ್ರಶ್ನೆ ಅಗಲದ್ದೊಂದೇ ಅಲ್ಲ. ಮನುಷ್ಯ ಕೈಯಾಡಿಸದ ಜಾಗ ಅಂತ ಒಂದಷ್ಟನ್ನು ಕಾನೂನೇ ಉಳಿಸಿದೆ. ಅಮೆರಿಕದಲ್ಲೂ 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಅಂಥ ಕಾಡುಗಳಲ್ಲಿ ಮೋಟಾರು ವಾಹನ ಸಲ್ಲದು. ಅಲ್ಲಿಗೂ ಬ್ಯಾಟರಿ ಕುರ್ಚಿ ಬಿಡಬೇಕಾ?

ಕಡತ

ಈ ಪ್ರಶ್ನೆಗೆ ಅಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ, ಅದೂ ಬಲು ಅಚ್ಚುಕಟ್ಟಾಗಿ. 1990ರ ಅಂಗವಿಕಲರ ಹಕ್ಕಿನ ಕಾಯ್ದೆಯಲ್ಲೇ ಇದಕ್ಕೊಂದು ಉಪವಿಧಿ ಇದೆ. ವೈಲ್ಡರ್‌ನೆಸ್ ಕಾಯ್ದೆ ವೀಲ್‌ಚೇರನ್ನು ತಡೆಯುವುದಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ವೀಲ್‌ಚೇರ್ ಅಂದರೆ ಯಾವುದು? ಓಡಾಟದ ತೊಂದರೆ ಇರುವವರ ಓಡಾಟಕ್ಕೆಂದೇ ಮಾಡಿದ್ದು, ಮತ್ತು ಕಟ್ಟಡದ ಒಳಗೂ ಬಳಸಲು ತಕ್ಕದ್ದು. ಈ ಎರಡು ಷರತ್ತು ದಾಟಿದರೆ ಬ್ಯಾಟರಿ ಕುರ್ಚಿಗೂ ಪ್ರವೇಶವಿದೆ. ಜೀಪು, ಎಟಿವಿ (ಕಚ್ಚಾ ನೆಲದ ಮೇಲೆ ಓಡಿಸುವ ದಪ್ಪ ಗಾಲಿಯ ಮೋಟಾರು ವಾಹನ) ಎರಡನೇ ಷರತ್ತಿನಲ್ಲೇ ಹೊರಗೆ.

ಅದೇ ಉಪವಿಧಿಯ ಇನ್ನೊಂದು ಮುಖ: ಇದಕ್ಕಾಗಿ ಅಂಥ ಕಾಡಿನಲ್ಲಿ ವಿಶೇಷ ಸೌಲಭ್ಯ ಕಟ್ಟಲೇಬೇಕು, ನೆಲ ಮಾರ್ಪಡಿಸಲೇಬೇಕು ಅಂತ ಇಲಾಖೆಗೆ ಕಡ್ಡಾಯವಿಲ್ಲ. ಅಂದರೆ ಬಾಗಿಲು ಮುಚ್ಚುವ ಹಾಗಿಲ್ಲ, ಗೋಡೆ ಒಡೆಯುವ ಕಡ್ಡಾಯವೂ ಇಲ್ಲ. ನನಗೆ ಇದು ನ್ಯಾಯವಾದ ಗೆರೆ ಅನ್ನಿಸುತ್ತದೆ. ಕೆಲವರಿಗೆ ಅನ್ನಿಸುವುದಿಲ್ಲ.

2013ರ ನಿಯಮದಲ್ಲೂ ವಿನಾಯಿತಿಗಳಿವೆ: ಭೂಪ್ರಕೃತಿ ಒಪ್ಪದಿದ್ದರೆ, ರೂಢಿಯ ಕಟ್ಟುವ ವಿಧಾನದಲ್ಲಿ ಸಾಧ್ಯವಾಗದಿದ್ದರೆ, ಆ ಜಾಗದ ಮೂಲ ಉದ್ದೇಶವೇ ಕೆಡುವುದಾದರೆ, ಬೇರೆ ಸಂರಕ್ಷಣಾ ಕಾನೂನು ಅಡ್ಡ ಬಂದರೆ. ಆದರೆ ಒಂದು ಕಡೆ ಆಗಲ್ಲ ಅಂದಾಕ್ಷಣ ಇಡೀ ದಾರಿಯನ್ನೇ ಕೈಬಿಡುವಂತಿಲ್ಲ. ಆಗುವಷ್ಟನ್ನು ಮಾಡಲೇಬೇಕು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯೂ ವಿರಾಮ, ವಿಹಾರ, ಪ್ರವಾಸದ ತಾಣಗಳ ಹಕ್ಕಿನ ಮಾತಾಡುತ್ತದೆ. ಚಾರಣ ಶೋಕಿ ಅನ್ನುವವರಿಗೆ ಇದನ್ನು ತೋರಿಸಿ.

ಒಂಟಿಚಕ್ರ

ದಾರಿಯನ್ನು ಮುಟ್ಟದೆಯೇ ಜನರನ್ನು ಕರೆದೊಯ್ಯುವ ದಾರಿಯೂ ಇದೆಯಲ್ಲ, ಅದನ್ನು ಯಾರೂ ಹೇಳಲಿಲ್ಲ. ಜೋಯೆಲೆಟ್. ಫ್ರಾನ್ಸಿನ ಪರ್ವತ ಮಾರ್ಗದರ್ಶಿ ಜೋಯೆಲ್ ಕ್ಲೋಡೆಲ್ 1980ರ ದಶಕದಲ್ಲಿ ಸ್ನಾಯುಕ್ಷಯ ಇದ್ದ ತನ್ನ ಸಂಬಂಧಿಕ ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯಲು ಕಂಡುಹಿಡಿದದ್ದು. ಕುರ್ಚಿ, ಅದರಡಿ ಒಂದೇ ಚಕ್ರ, ಮುಂದೆ ಹಿಂದೆ ಹಿಡಿಕೆ. ಮುಂದಿನವರು ಎಳೆಯುತ್ತಾ ದಿಕ್ಕು ತೋರಿಸಿದರೆ ಹಿಂದಿನವರು ಸಮತೋಲ ಕಾಯುತ್ತಾರೆ. ಒಂದೇ ಚಕ್ರ ಆದ್ದರಿಂದ ಒಬ್ಬರು ನಡೆಯುವಷ್ಟು ಅಗಲವಿದ್ದರೆ ಸಾಕು.

ನಾವು ಗುಂಪಾಗಿ ಇದನ್ನು ಎಳೆಯುತ್ತೇವೆ. ಹಿಂದಿನ ಹಿಡಿಕೆಯಲ್ಲಿ ಹೊಸಬರನ್ನು ಬಿಡಬೇಡಿ. ತೂಕ ಹೊರುವುದು ಕಷ್ಟವಲ್ಲ. ಕುಳಿತವರು ಪಕ್ಕಕ್ಕೆ ತುಸು ವಾಲಿದಾಗ ಗಾಬರಿಯಿಂದ ಎದುರು ದಿಕ್ಕಿಗೆ ಜಗ್ಗುವುದೇ ಅಪಾಯ. ಕಡಿದಾದ ಏರಿನಲ್ಲಿ ಮುಂದೆ ಹಗ್ಗ ಕಟ್ಟಿ ಇನ್ನಿಬ್ಬರು ಎಳೆಯಬೇಕು, ಕೈ ಬದಲಿಸಿಕೊಳ್ಳಲು ಜನ ಇರಬೇಕು. ಮುಖ್ಯವಾಗಿ, ಕುಳಿತವರೊಂದಿಗೆ ಮಾತಾಡುತ್ತಿರಬೇಕು: "ಎಡಕ್ಕೆ ಕಲ್ಲು, ಈಗ ಇಳಿಯುತ್ತೇವೆ" ಅಂತ. ಸಾಮಾನು ಸಾಗಿಸುವ ಹಾಗೆ ಮೌನವಾಗಿ ಎಳೆದರೆ ಅದು ಸಾಗಾಟವೇ.

ಕೆನಡಾದಲ್ಲಿ ಹುಟ್ಟಿದ ಟ್ರೇಲ್‌ರೈಡರ್ ಅನ್ನುವುದೂ ಇದೇ ಜಾತಿಯದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಉದ್ಯಾನಗಳಲ್ಲಿ ಅದನ್ನು ಎರವಲು ಕೊಡುತ್ತಾರೆ.

ಎರಡುಗಾಲಿ

ಜೋಯೆಲೆಟ್‌ನಲ್ಲಿ ಕೂತಿದ್ದೇನೆ. ನಾನೊಬ್ಬನೇ ಎಂದೂ ತಲುಪಲಾಗದ ಜಾಗ ನೋಡಿದ್ದೇನೆ, ಕೃತಜ್ಞತೆ ಇದೆ. ಆದರೂ ಹೇಳುತ್ತೇನೆ, ಅದು ದಾರಿಗೆ ಬದಲಿ ಆಗಬಾರದು. ಎಳೆಯುವವರು ಸಿಕ್ಕ ದಿನ, ಅವರು ಹೇಳಿದ ಹೊತ್ತಿಗೆ, ಅವರು ನಿಂತ ಕಡೆ ನಿಲ್ಲಬೇಕು. ಹಕ್ಕಿ ಕೂಗಿತು ಅಂತ ಅರ್ಧ ಗಂಟೆ ಸುಮ್ಮನೆ ಕೂರೋಣ ಅನ್ನಿಸಿದರೆ ನಾಲ್ಕು ಜನ ಬೆವರು ಒರೆಸಿಕೊಳ್ಳುತ್ತಾ ಕಾಯುತ್ತಿರುತ್ತಾರೆ, ಬಾಯಿ ಬರುವುದಿಲ್ಲ. ಒಬ್ಬಂಟಿಯಾಗಿ ಕಾಡಿನಲ್ಲಿರುವ ಸುಖ ನಡೆಯುವವರಿಗೆ ಮಾತ್ರ ಮೀಸಲು ಯಾಕಿರಬೇಕು? ಪೂರ್ತಿ ಎರಡು ಕಿಲೋಮೀಟರ್ ಹೊತ್ತುಕೊಂಡು ಹೋಗುವುದಕ್ಕಿಂತ ನಾನೇ ಉರುಳಿಸಿಕೊಂಡು ಹೋಗಬಹುದಾದ 400 ಮೀಟರ್ ಕೊಡಿ ಅಂತ ನಾನು ಕೇಳುತ್ತೇನೆ.

ಒಂಟಿಚಕ್ರ

ನೀವು ಹೇಳಿದ್ದು ಸರಿ, ಆದರೆ ಕೈಗಳಲ್ಲೂ ಶಕ್ತಿ ಇಲ್ಲದವರಿಗೆ ನಿಮ್ಮ 400 ಮೀಟರೂ ಇಲ್ಲ. ಅವರಿಗೆ ಯಾರಾದರೂ ತಳ್ಳಲೇಬೇಕು. ಎರಡೂ ಇರಲಿ ಅನ್ನುತ್ತೇನೆ.

ಸಾಲುಮರ

ಬ್ಯಾಟರಿಯ ಟ್ರ್ಯಾಕ್ ಕುರ್ಚಿಗಳು ಬಂದಿವೆಯಲ್ಲ, ಟ್ಯಾಂಕರಿನ ಹಾಗೆ ಪಟ್ಟಿ ಇರುವಂಥವು? ಕೊಲೊರಾಡೊದ ಸ್ಟಾಂಟನ್ ಸ್ಟೇಟ್ ಪಾರ್ಕಿನಲ್ಲಿ ಮೊದಲೇ ಕಾದಿರಿಸಿದರೆ ಕೊಡುತ್ತಾರೆ, ಜೊತೆಗೆ ಸ್ವಯಂಸೇವಕರು ಬರುತ್ತಾರೆ. ದಾರಿ ಸರಿ ಮಾಡುವ ತಲೆನೋವೇ ಬೇಡ.

ಹಾದಿಗಾರ

ಯುದ್ಧದ ಟ್ಯಾಂಕ್ ಅನ್ನಿ, ಟ್ಯಾಂಕರ್ ಅಂದರೆ ನೀರು ತರುವುದು :)

ಒಳ್ಳೆಯ ಯಂತ್ರ, ಆದರೆ ಭಾರ ಜಾಸ್ತಿ. ಪಟ್ಟಿಯ ಕುರ್ಚಿ ನಿಂತಲ್ಲೇ ತಿರುಗಿದರೆ ಹಸಿ ಮಣ್ಣಿನ ಮೇಲ್ಪದರ ಕಿತ್ತು ಬರುತ್ತದೆ. ಅಡ್ಡ ಇಳಿಜಾರು ಹೆಚ್ಚಿರುವ ಕಡೆ ವಾಲುತ್ತದೆ. ಅದಕ್ಕೇ ಅಲ್ಲಿಯೂ ಗೊತ್ತುಮಾಡಿದ ದಾರಿಗಳಲ್ಲಿ ಮಾತ್ರ ಬಿಡುತ್ತಾರೆ. ಅಂದರೆ ಆ ದಾರಿಗಳನ್ನು ಯಾರೋ ಅಳೆದು ನೋಡಿರಲೇಬೇಕು. ತಲೆನೋವು ತಪ್ಪಲಿಲ್ಲ.

ಊರುಗೋಲು

ಮರದ ಹಲಗೆಯ ದಾರಿಯ ಬಗ್ಗೆ. ನನ್ನದು ಒಂದು ಕೃತಕ ಕಾಲು, ಎರಡು ಊರುಗೋಲು. ಜೌಗು ನೆಲ, ಬೇರಿನ ಜಾಲ ಇರುವ ಕಡೆ ನೆಲದಿಂದ ಎತ್ತರಿಸಿದ ಹಲಗೆ ದಾರಿಯಷ್ಟು ಹಿತ ಬೇರೊಂದಿಲ್ಲ. ಕಟ್ಟುವವರು ಎರಡು ತಪ್ಪು ಮಾಡುತ್ತಾರೆ. ಹಲಗೆಗಳನ್ನು ನಡೆಯುವ ದಿಕ್ಕಿಗೇ ಉದ್ದಕ್ಕೆ ಹಾಸುತ್ತಾರೆ. ಸಂದಿನಲ್ಲಿ ಊರುಗೋಲಿನ ತುದಿ ಇಳಿದರೆ ಮೈಭಾರವೆಲ್ಲ ಒಂದೇ ಕಡೆ ಬಿದ್ದು ಭುಜ ಉಳುಕುತ್ತದೆ. ಕಿರಿದಾದ ಗಾಲಿಯೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಹಲಗೆ ಅಡ್ಡಕ್ಕಿರಬೇಕು, ಸಂದು ಕಿರುಬೆರಳು ತೂರದಷ್ಟು ಚಿಕ್ಕದಿರಬೇಕು. ಎರಡನೆಯದು ಪಾಚಿ. ನೆರಳಿನಲ್ಲಿರುವ ಹಲಗೆ ಒಂದು ಮಳೆಗಾಲ ಕಳೆದರೆ ಸಾಬೂನಿನ ಹಾಗೆ ಜಾರುತ್ತದೆ. ರಬ್ಬರ್ ತುದಿ ಅಲ್ಲಿ ಏನೂ ಮಾಡದು. ಮರಳು ಅಂಟಿಸಿದ ಪಟ್ಟಿಯೋ ಬಿಗಿಯಾಗಿ ಹೊಡೆದ ತಂತಿಬಲೆಯೋ ಬೇಕು, ವರ್ಷಕ್ಕೊಮ್ಮೆ ಉಜ್ಜಲು ಜನ ಬೇಕು. ಕಟ್ಟುವ ದಿನ ಫೋಟೋಗೆ ನಿಲ್ಲುವವರು ಉಜ್ಜುವ ದಿನ ಬರುವುದಿಲ್ಲ.

ಅಂಚಿಗೆ ಅಡ್ಡಪಟ್ಟಿ ಇರಲಿ. ಎಂಟು ಹತ್ತು ಸೆಂಟಿಮೀಟರ್ ಎತ್ತರವಿದ್ದರೂ ಗಾಲಿ, ಕೋಲು ಹೊರಗೆ ಜಾರುವುದಿಲ್ಲ.

ಕಾನನ

ಎತ್ತರಿಸಿದ ಹಲಗೆ ದಾರಿಯನ್ನು ನಾನೂ ಒಪ್ಪುತ್ತೇನೆ. ಕೆಳಗೆ ನೀರು ಹರಿಯುತ್ತದೆ, ಸಣ್ಣ ಪ್ರಾಣಿಗಳು ದಾಟುತ್ತವೆ, ಜನ ದಾರಿ ಬಿಟ್ಟು ಇಳಿಯುವುದಿಲ್ಲ.

ಕಡತ

ಅದಕ್ಕೆ ಜಪಾನಿನ ಶಿರೆತೊಕೊ ಐದು ಕೆರೆಗಳ ಜಾಗ ಒಳ್ಳೆಯ ಉದಾಹರಣೆ. ಕರಡಿಗಳ ಕಾಡು. ನೆಲದ ಮೇಲಿನ ದಾರಿಗೆ ಋತುವಿಗೆ ತಕ್ಕಂತೆ ಕಟ್ಟುಪಾಡುಗಳಿವೆ, ಕರಡಿ ಹೆಚ್ಚು ಓಡಾಡುವ ಕಾಲದಲ್ಲಿ ಮಾರ್ಗದರ್ಶಿ ಇಲ್ಲದೆ ಬಿಡುವುದಿಲ್ಲ. ಪಕ್ಕದಲ್ಲೇ ಸುಮಾರು 800 ಮೀಟರಿನ ಎತ್ತರಿಸಿದ ಮರದ ದಾರಿ, ಮೆಟ್ಟಿಲಿಲ್ಲ, ಕರಡಿ ಹತ್ತದಂತೆ ವಿದ್ಯುತ್ ತಂತಿ. ವೀಲ್‌ಚೇರಿನವರು ಮೊದಲ ಕೆರೆಯ ತನಕ ಹೋಗಿ ಬರಬಹುದು. ಕರಡಿಗಳಿಗೂ ಅವುಗಳ ನೆಲ ಉಳಿಯಿತು. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನ ಅನ್‌ಹಿಂಗಾ ಟ್ರೇಲ್‌ನಲ್ಲೂ ಹಲಗೆ ದಾರಿ ಜೌಗಿನ ಮೇಲೇ ಹೋಗುತ್ತದೆ. ಮೊಸಳೆ ಜಾತಿಯ ಆಲಿಗೇಟರುಗಳನ್ನು ಎಲ್ಲರೂ ಒಂದೇ ಕಟಕಟೆಗೆ ಒರಗಿ ನೋಡುತ್ತಾರೆ.

ದೂರದಾರಿ

ಹಲಗೆ ದಾರಿಗೆ ನಮ್ಮಲ್ಲಿ ದುಡ್ಡಿಲ್ಲ, ಜೌಗು ಜಾಗ ಬಿಟ್ಟು ಬೇರೆ ಕಡೆ ಬೇಕೂ ಇಲ್ಲ. ಉಳಿದ ಕಡೆ ನೆಲ ಗಟ್ಟಿ ಮಾಡುವುದು ಹೇಗೆ? ಗುಂಪಿನಲ್ಲಿ ಯಾರೋ ಹೊಳೆಗಲ್ಲು ಹಾಸೋಣ ಅಂದರು.

ಎರಡುಗಾಲಿ

ದಯವಿಟ್ಟು ಬೇಡ!

ಹಾದಿಗಾರ

ಹೊಳೆಗಲ್ಲು ಉರುಟು. ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಎಷ್ಟು ದಮ್ಮಸು ಮಾಡಿದರೂ ಗಾಲಿಯಡಿ ಉರುಳುತ್ತಲೇ ಇರುತ್ತದೆ. ಬೇಕಾದದ್ದು ಒಡೆದ ಕಲ್ಲು, ಮೂಲೆಗಳಿರುವಂಥದ್ದು, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಗಾತ್ರ. ಅದರ ಜೊತೆಗಿನ ಕಲ್ಲುಪುಡಿಯನ್ನು ಜರಡಿ ಹಿಡಿದು ತೆಗೆಯಬಾರದು. ಪುಡಿಯೇ ಸಂದುಗಳನ್ನು ತುಂಬಿ ಬಂಧಿಸುವುದು. ತೊಳೆದ, ಒಂದೇ ಗಾತ್ರದ ಜಲ್ಲಿ ನೋಡಲು ಚೆಂದ, ಕೆಲಸಕ್ಕೆ ಬಾರದು. ಮೇಲಿನ ಎಲೆಗೊಬ್ಬರದ ಮಣ್ಣು ತೆಗೆದು ಗಟ್ಟಿ ನೆಲ ಸಿಕ್ಕ ಮೇಲೆ ತೆಳು ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಒಂದೊಂದು ಪದರವನ್ನೂ ದಮ್ಮಸು ಮಾಡಬೇಕು. ಒಣಗಿದಾಗಲೇ ಕುಟ್ಟಿದರೆ ಧೂಳೆದ್ದು ಹೋಗುತ್ತದೆ, ಕೆಸರಾದಾಗ ಕುಟ್ಟಿದರೆ ಅಂಟಿ ಬರುತ್ತದೆ. ಸರಿಯಾಗಿ ಕೂತ ನೆಲದ ಮೇಲೆ ಬೂಟಿನ ಹಿಮ್ಮಡಿ ಒತ್ತಿ ತಿರುಗಿಸಿದರೆ ಗುರುತು ಮಾತ್ರ ಮೂಡಬೇಕು, ಗುಣಿ ಬೀಳಬಾರದು.

ಈಗ ನಿಜವಾದ ಜಗಳಕ್ಕೆ ಬರೋಣ, ನೀರು. ಮಳೆಯ ನೀರು ದಾರಿಯ ಉದ್ದಕ್ಕೆ ಹರಿದರೆ ದಾರಿ ತೋಡಾಗುತ್ತದೆ. ಅದಕ್ಕೇ ದಾರಿ ಕಟ್ಟುವವರು ಕಣಿವೆಯ ಕಡೆಗೆ ಸ್ವಲ್ಪ ಓರೆ ಕೊಡುತ್ತಾರೆ. ಆ ಓರೆಯೇ ಅಡ್ಡ ಇಳಿಜಾರು. ವೀಲ್‌ಚೇರಿನ ಪುಟ್ಟ ಗಾಲಿಗಳು ಇಳಿಜಾರಿನ ಕಡೆಗೆ ತಿರುಗುತ್ತವೆ, ಇಡೀ ಕುರ್ಚಿ ಕಣಿವೆಯ ಕಡೆಗೆ ಎಳೆಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಿಯಮ ಮಣ್ಣು, ಜಲ್ಲಿಯ ದಾರಿಗೆ 20ಕ್ಕೆ 1ರ ತನಕ ಓರೆ ಬಿಡುತ್ತದೆ, ಹಲಗೆ ಮತ್ತು ಕಾಂಕ್ರೀಟಿಗೆ 48ಕ್ಕೆ 1 ಮಾತ್ರ.

ಎರಡುಗಾಲಿ

ನೋಡುವವರಿಗೆ ಕಾಣದ ಕಷ್ಟ ಅಂದರೆ ಇದೇ. ಅಡ್ಡ ಇಳಿಜಾರಿನಲ್ಲಿ ಕಣಿವೆ ಕಡೆಯ ಕೈ ಮಾತ್ರ ತಳ್ಳುತ್ತದೆ, ಇನ್ನೊಂದು ಕೈ ಬ್ರೇಕ್ ಹಿಡಿದೇ ಇರಬೇಕು. ನೂರು ಮೀಟರ್ ಹೀಗೆ ಹೋದರೆ ಒಂದು ಭುಜ ಸತ್ತಂತೆ. 'ಸಮತಟ್ಟು ದಾರಿ' ಅಂತ ಬರೆದಿರುತ್ತಾರೆ. ಉದ್ದಕ್ಕೆ ಸಮತಟ್ಟೇ!

ಹಾದಿಗಾರ

ಪರಿಹಾರ ಏನೆಂದರೆ ಓರೆಯೊಂದನ್ನೇ ನಂಬಬಾರದು. ದಾರಿಯ ಉದ್ದಕ್ಕೂ ಅಲ್ಲಲ್ಲಿ ಬಲು ನಿಧಾನವಾದ ತಗ್ಗು ಕೊಡಬೇಕು, ಇಳಿಯುತ್ತಾ ಬಂದದ್ದು ಸ್ವಲ್ಪ ಏರಿ ಮತ್ತೆ ಇಳಿಯಬೇಕು. ನೀರು ಆ ತಗ್ಗಿನಲ್ಲಿ ಪಕ್ಕಕ್ಕೆ ಹೊರಟುಹೋಗುತ್ತದೆ, ಗಾಲಿಗೆ ಅದು ಗೊತ್ತೇ ಆಗುವುದಿಲ್ಲ. ನೀರು ತಡೆಯಲು ಅಡ್ಡಡ್ಡ ದಿಮ್ಮಿ ಹೂಳುವ ಹಳೆ ಪದ್ಧತಿ ಬಿಡಿ. ಅದು ಗಾಲಿಗೂ ಅಡ್ಡಿ, ಹಿಂದೆ ಮಣ್ಣು ತುಂಬಿಕೊಂಡ ಮೇಲೆ ನೀರಿಗೂ ಉಪಯೋಗವಿಲ್ಲ.

@ಕಾನನ, ನಿಮಗೊಂದು ಮಾತು. ಗಟ್ಟಿ ನೆಲದ ದಾರಿ ಕಾಡಿಗೂ ಒಳ್ಳೆಯದೇ. ಕೆಸರಾದ ದಾರಿಯಲ್ಲಿ ಜನ ಪಕ್ಕದ ಗಿಡ ತುಳಿದುಕೊಂಡು ಹೋಗುತ್ತಾರೆ, ಒಂದಿದ್ದ ದಾರಿ ಮೂರಾಗುತ್ತದೆ. ತುಳಿಯದ ನೆಲಕ್ಕೆ ಹೆಚ್ಚಿನ ಹಾನಿ ಆಗುವುದು ಮೊದಮೊದಲ ಕೆಲವು ತುಳಿತಗಳಲ್ಲೇ ಅನ್ನುವುದು ಈ ವಿಷಯ ಓದಿದವರಿಗೆಲ್ಲ ಗೊತ್ತು. ಆದ್ದರಿಂದ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಡೆಸುವುದೇ ಲಾಭ.

ಕಾನನ

ಒಂದೇ ಗೆರೆಯ ಮಾತು ಒಪ್ಪುತ್ತೇನೆ. ಆದರೆ ಒಳ್ಳೆಯ ದಾರಿ ಹೆಚ್ಚು ಜನರನ್ನು ಕರೆಯುತ್ತದೆ, ಅದಕ್ಕೆ ನಿಮ್ಮ ಬಳಿ ಉತ್ತರವಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಮುಚ್ಚುತ್ತೀರಾ? ಮುಚ್ಚುವುದಾದರೆ ಎಲ್ಲರಿಗೂ ಮುಚ್ಚಿ, ನನ್ನ ತಕರಾರು ಅರ್ಧ ಕಮ್ಮಿಯಾಗುತ್ತದೆ.

ಎರಡುಗಾಲಿ

ಎಲ್ಲರಿಗೂ ಮುಚ್ಚಿದರೆ ನನ್ನದೇನೂ ತಕರಾರಿಲ್ಲ. ನನಗೊಬ್ಬನಿಗೇ ವರ್ಷವಿಡೀ ಮುಚ್ಚಿದ್ದರ ಬಗ್ಗೆ ತಾನೇ ಮಾತು.

ಬೈಕಿನ ಭಯಕ್ಕೂ ಒಂದು ಮಾತು. ಬೈಕು ತಡೆಯಲು ದಾರಿ ಬಾಯಲ್ಲಿ ಸುತ್ತುಬಳಸಿನ ಕಂಬಿ, ಒತ್ತೊತ್ತಾಗಿ ಕಲ್ಲುಕಂಬ ಹಾಕುತ್ತಾರೆ. ಬೈಕಿನವನು ಪಕ್ಕದ ಪೊದೆಯಲ್ಲಿ ನುಗ್ಗಿ ಹೋಗುತ್ತಾನೆ. ನಾನು ಹೊರಗೇ. ಕಂಬಗಳ ನಡುವೆ ಕನಿಷ್ಠ 815 ಮಿಲಿಮೀಟರ್ ಬಿಡಿ. ಕುರ್ಚಿಯ ಅಗಲದ ಜೊತೆಗೆ ಆ ಕಡೆ ಈ ಕಡೆ ಕೈಬೆರಳ ಗೆಣ್ಣುಗಳಿಗೂ ಜಾಗ ಬೇಕು.

ಮಂಡಿಚಿಪ್ಪು

ಶೌಚಾಲಯದ ಬಗ್ಗೆ ಯಾರೂ ಮಾತಾಡಿಲ್ಲ. ದಾರಿ ಎಷ್ಟು ಚೆನ್ನಾಗಿದ್ದರೂ ಶುರುವಿನಲ್ಲಿ ಕಮೋಡು, ಹಿಡಿಗಂಬಿ ಇರುವ ಶೌಚಾಲಯ ಇಲ್ಲದಿದ್ದರೆ ಬೆಳಗಿನಿಂದ ನೀರು ಕುಡಿಯದೆ ಬರುತ್ತೇವೆ. ಬಿಸಿಲಲ್ಲಿ ನಡೆಯುವವರಿಗೆ ಅದು ಎಷ್ಟು ಅಪಾಯ ಅಂತ ಹೇಳಬೇಕಿಲ್ಲ.

ಎರಡುಗಾಲಿ

ಹೌದು. ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ವೃತ್ತ ಇರಬೇಕು. ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಬೆವರುವುದೇ ಸರಿಯಾಗಿ ಆಗುವುದಿಲ್ಲ, ಮೈ ಬೇಗ ಕಾಯುತ್ತದೆ. ಹಾಗಾಗಿ ತಂಗುಜಾಗಗಳನ್ನು ನೆರಳಿನಲ್ಲೇ ಇಡಿ. ಬೆಂಚಿನ ಪಕ್ಕ ಒಂದು ಕುರ್ಚಿ ನಿಲ್ಲುವಷ್ಟು ಗಟ್ಟಿ ನೆಲ ಬಿಡಿ. ಎಲ್ಲರೂ ಬೆಂಚಿನ ಮೇಲೆ, ನಾನು ದಾರಿಗೆ ಅಡ್ಡ ನಿಂತು ಬಂದವರಿಗೆಲ್ಲ ಜಾಗ ಬಿಡುತ್ತಾ ಇರುವುದು ಬೇಸರ.

ಕಡತ

ಫಲಕದ ವಿಷಯಕ್ಕೆ ಮರಳಿ: ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದವರು 'ಮೈಲ್ಸ್ ವಿದೌಟ್ ಸ್ಟೈಲ್ಸ್' ಹೆಸರಿನಲ್ಲಿ ಬೇಲಿಯ ಮೆಟ್ಟಿಲುಗಳಿಲ್ಲದ ದಾರಿಗಳನ್ನು ಪಟ್ಟಿ ಮಾಡಿದ್ದಾರೆ. ಎಲ್ಲರಿಗೆ, ಹಲವರಿಗೆ, ಕೆಲವರಿಗೆ ಅಂತ ಮೂರು ದರ್ಜೆ. ಕಲ್ಲಿನ ಗಾತ್ರವನ್ನೂ ಹೇಳುತ್ತಾರೆ: ಹಲವರ ದಾರಿಯಲ್ಲಿ 4 ಸೆಂಟಿಮೀಟರ್ ತನಕ, ಕೆಲವರ ದಾರಿಯಲ್ಲಿ 10 ಸೆಂಟಿಮೀಟರ್ ತನಕ. 'ಕೆಲವರಿಗೆ' ಅಂದರೆ ತೋಳಿನಲ್ಲಿ ಬಲ, ಮನಸ್ಸಿನಲ್ಲಿ ಧೈರ್ಯ ಇರುವ ವೀಲ್‌ಚೇರಿನವರಿಗೆ. ವೀಲ್‌ಚೇರಿನವರೆಲ್ಲ ಒಂದೇ ಥರ ಅಂತ ಅವರು ಅಂದುಕೊಂಡಿಲ್ಲ, ಅದು ನನಗೆ ಹಿಡಿಸಿತು.

ದೂರದಾರಿ

ಎಲ್ಲರ ಮಾತನ್ನೂ ಗುಂಪಿನ ಮುಂದಿಟ್ಟೆ. ಕಾಂಕ್ರೀಟಿನ ಪಂಗಡ ತಣ್ಣಗಾಗಿದೆ. ಮೊದಲು ಇಡೀ ದಾರಿ ಅಳೆಯುತ್ತೇವೆ, ಈಗಿನ ಬೋರ್ಡ್ ತೆಗೆದು ಅಂಕಿಗಳ ಬೋರ್ಡ್ ಹಾಕುತ್ತೇವೆ. ಆಮೇಲೆ ಶುರುವಿನಿಂದ ಮೊದಲ ತಡೆಯನ್ನು ತೆಗೆಯುವುದು, ಅದಾದ ಮೇಲೆ ಮುಂದಿನದು. ಕೆರೆಯ ತನಕ ಯಾವಾಗ ಮುಟ್ಟುತ್ತೇವೋ ಗೊತ್ತಿಲ್ಲ. ಅಳೆಯಲು ಫೋನಿನ ಆ್ಯಪ್ ಸಾಕಾಗುತ್ತದಾ?

ಹಾದಿಗಾರ

ಫೋನನ್ನು ಹಾಗೇ ನೆಲದ ಮೇಲಿಟ್ಟರೆ ಒಂದು ಕಲ್ಲಿನ ಓರೆ ಮಾತ್ರ ಗೊತ್ತಾಗುತ್ತದೆ. 60 ಸೆಂಟಿಮೀಟರ್ ಉದ್ದದ ನೆಟ್ಟನೆಯ ಪಟ್ಟಿಯ ಮೇಲೆ ಡಿಜಿಟಲ್ ಮಟ್ಟಗೋಲು ಇಡಿ. ವೀಲ್‌ಚೇರಿನ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಹತ್ತಿರ ಹತ್ತಿರ ಅಷ್ಟೇ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ಏರಾಗಲಿ ನೆಲವಾಗಲಿ ಬದಲಾದ ಕಡೆಯೆಲ್ಲ ಒಂದು ಅಳತೆ ಬೇಕು, ಸಮ ಅಂತರದಲ್ಲಿ ಅಳೆದರೆ ಕೆಟ್ಟ ಜಾಗಗಳು ತಪ್ಪಿಹೋಗುತ್ತವೆ. ಅಮೆರಿಕದಲ್ಲಿ ಇದಕ್ಕೇ ಯೂನಿವರ್ಸಲ್ ಟ್ರೇಲ್ ಅಸೆಸ್‌ಮೆಂಟ್ ಪ್ರೋಸೆಸ್ ಅನ್ನುವ ಕ್ರಮವಿದೆ. ಇಬ್ಬರು ಮೂವರು ಸೇರಿ ಮಾಡಬಹುದಾದ ಕೆಲಸ.

ಎರಡುಗಾಲಿ

ಅಳೆಯುವ ದಿನ ನನ್ನನ್ನೂ ಕರೆಯಿರಿ. ಒಂದು ಮಳೆ ಬಿದ್ದ ಮರುದಿನ ಇಟ್ಟುಕೊಳ್ಳಿ, ಒಣ ದಿನದ ಅಳತೆ ಅರ್ಧ ಸುಳ್ಳು.

ಊರುಗೋಲು

ನಾನೂ ಬರುತ್ತೇನೆ. ಬೋರ್ಡಿನ ಅಕ್ಷರ ದೊಡ್ಡದಿರಲಿ, ಕೂತವರ ಕಣ್ಣಿನ ಮಟ್ಟಕ್ಕೂ ಸಿಗಲಿ.